ಆಟದಾಗ ರಾಜಕೀಯ ಬ್ಯಾಡಂತೆ!

ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಟರ್ಫ್ ಬುಕ್ ಮಾಡಿ ಆಡುವ ಯಾವ ಗುಂಪಿಗೆ ಸೇರಿದರೂ ಮೊದಲ ದಿನವೇ ಒಂದು ಕಾನೂನು ಹೇಳಿಕೊಡ್ತಾರೆ: ಇಲ್ಲಿ ರಾಜಕೀಯ ಬೇಡ, ಫುಟ್‌ಬಾಲ್ ಮಾತ್ರ. ಪಂದ್ಯ ನೋಡಲು ಸೇರುವ ಪಬ್ಬಿನಲ್ಲೂ ಇದೇ, ಆಫೀಸಿನ ಊಟದ ಟೇಬಲ್ಲಿನಲ್ಲೂ ಇದೇ. ಹೇಳುವವರು ಬಹಳ ನಯವಾಗಿ, ನಗ್ತಾ ನಗ್ತಾ ಹೇಳ್ತಾರೆ. ಮುರಿದವನನ್ನು ಮಾತ್ರ ಮದುವೆ ಮನೆಯಲ್ಲಿ ಸಾಲ ಕೇಳಿದವನ ಹಾಗೆ ನೋಡ್ತಾರೆ.

ಈ ಕಾನೂನು ಸುಳ್ಳು ಅನ್ನೋದು ನನ್ನ ತಕರಾರು. ಸುಳ್ಳಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ನಮ್ಮಂಥ ಸಂಬಳದಾರರಿಗೆ ಉಳಿದಿರುವ ಒಂದೇ ಒಂದು ಒಳ್ಳೆ ಹರಟೆಯ ಜಾಗಕ್ಕೆ ಇದು ಬೀಗ ಹಾಕ್ತಾ ಇದೆ.

ಸುಳ್ಳು ಹೇಗೆ ಅಂದ್ರೆ, ನಮ್ಮ ದೇಶದ ಫುಟ್‌ಬಾಲ್ ಒಕ್ಕೂಟದ ಕುರ್ಚಿಯನ್ನೇ ನೋಡಿ. ಸುಮಾರು 20 ವರ್ಷ ಅಲ್ಲಿ ಕೂತವರು ಕಾಂಗ್ರೆಸ್ಸಿನ ಪ್ರಿಯರಂಜನ್ ದಾಸ್‌ಮುನ್ಶಿ. ಅವರ ನಂತರ 2022ರವರೆಗೆ ಎನ್‌ಸಿಪಿಯ ಪ್ರಫುಲ್ ಪಟೇಲ್. ಆಮೇಲೆ ಬಂದ ಕಲ್ಯಾಣ್ ಚೌಬೆ ಗೋಲ್‌ಕೀಪರ್ ಆಗಿದ್ದವರು, ನಿಜ. ಬಿಜೆಪಿ ಟಿಕೆಟ್ಟಿನ ಮೇಲೆ ಚುನಾವಣೆಗೆ ನಿಂತವರು ಅನ್ನೋದೂ ಅಷ್ಟೇ ನಿಜ. ಒಕ್ಕೂಟದ ಚುನಾವಣೆಯಲ್ಲಿ ಅವರಿಗೆ 33 ಮತ ಬಿದ್ದರೆ ಬೈಚುಂಗ್ ಭುಟಿಯಾಗೆ ಬಿದ್ದದ್ದು 1. (ಭುಟಿಯಾ ಕೂಡ ಸಿಕ್ಕಿಂನಲ್ಲಿ ಸ್ವಂತ ಪಕ್ಷ ಕಟ್ಟಿದ್ದವರೇ, ಅದು ಬೇರೆ ಮಾತು.) ಹೀಗೆ ಮೂರು ಪಕ್ಷದವರು ಸರದಿ ಪ್ರಕಾರ ಕೂತು ನಡೆಸಿದ ಆಟದ ಬಗ್ಗೆ ರಾಜಕೀಯ ಇಲ್ಲದೆ ಮಾತಾಡು ಅಂದ್ರೆ ಏನು ಮಾತಾಡಲಿ? ಹುಲ್ಲಿನ ಬಣ್ಣನಾ?

2022ರ ಆಗಸ್ಟಿನಲ್ಲಿ ಫಿಫಾ ನಮ್ಮ ಒಕ್ಕೂಟವನ್ನೇ ಅಮಾನತು ಮಾಡ್ತು. ಹೊರಗಿನವರ ಹಸ್ತಕ್ಷೇಪ ಅನ್ನೋದು ಕಾರಣ. ಅಮಾನತು ಎರಡು ವಾರದೊಳಗೆ ತೆರವಾಯ್ತು. ಆದರೆ ಅಷ್ಟರಲ್ಲಿ ಗೋಕುಲಂ ಕೇರಳ ತಂಡದ ಹೆಣ್ಣುಮಕ್ಕಳು ಏಷ್ಯಾದ ಕ್ಲಬ್ ಟೂರ್ನಿಗೆ ಅಂತ ತಾಷ್ಕೆಂಟ್ ತಲುಪಿ, ಆಡದೆಯೇ ವಾಪಸ್ ಬಂದಿದ್ದರು. 2025ರಲ್ಲಿ ಐಎಸ್‌ಎಲ್ ನಡೆಸುವ ಒಪ್ಪಂದದ ಕಗ್ಗಂಟಿನಿಂದ ಲೀಗೇ ಅತಂತ್ರ ಆಯ್ತು, ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿಯಿತು. ಕಂಠೀರವದಲ್ಲಿ ವೆಸ್ಟ್ ಬ್ಲಾಕಿನ ಹುಡುಗರ ಜತೆ ಕೂಗಿ ಗಂಟಲು ಹರಕೊಂಡವರು ಆ ತಿಂಗಳು ಟ್ರಾನ್ಸ್‌ಫರ್ ಸುದ್ದಿ ಬಿಟ್ಟು ಬೇರೆ ಏನೂ ಮಾತಾಡಬಾರದಿತ್ತಂತೆ.

ಟ್ರಾನ್ಸ್‌ಫರ್ ಅಂದಾಗ ನೆನಪಾಯ್ತು. ನಮ್ಮ ಕಡೆಯವರಿಗೆ ಟ್ರಾನ್ಸ್‌ಫರ್ ವಿಂಡೋ ಅಂದ್ರೇನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರು ತುರ್ವಿಹಾಳ. 2018ರಲ್ಲಿ ಮಸ್ಕಿಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಬರೇ 213 ಮತದಿಂದ ಸೋಲಿಸಿದರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಮತ್ತೆ ಎದುರಾದರು, ಜೆರ್ಸಿ ಮಾತ್ರ ಅದಲುಬದಲಾಗಿತ್ತು! ಈ ಸಲ ಕಾಂಗ್ರೆಸ್ ಜೆರ್ಸಿಯ ಬಸನಗೌಡರು 30 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಊರಲ್ಲಿ ಚಾ ಅಂಗಡಿಯ ಕಾಕಾಗೆ ನೇಮಾರ್ ಬಾರ್ಸಿಲೋನಾ ಬಿಟ್ಟು ಹೋದ ಕಥೆ ಹೇಳ್ತಿದ್ದಾಗ ಅವರು, "ಇದ್ರಾಗ ಏನ್ ಹೊಸಾದೈತೋ ತಮ್ಮಾ, ನಮ್ಮ ಕಡಿ ಇಬ್ಬರೂ ಒಮ್ಮೆಲೆ ಹಾರ್ತಾರ" ಅಂದಿದ್ದರು.

ಈಗ ನನ್ನ ಹೊಟ್ಟೆ ಉರಿಸಿದ ಪ್ರಸಂಗಕ್ಕೆ ಬರ್ತೀನಿ. 2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. ಡ್ಯಾಮು ತುಂಬಿತ್ತು. ಎಡದಂಡೆ ಕಾಲುವೆ ನಂಬಿ ನಮ್ಮ ಸೀಮೆ ಪೂರ್ತಿ ಭತ್ತ ಹಚ್ಚಿತ್ತು. ಗೇಟು ಕೂಡಿಸಬೇಕಂದ್ರೆ ನೀರು ಇಳಿಸಬೇಕು, ನೀರು ಇಳಿಸಿದರೆ ಬೆಳೆಗೆ ಏನು ಉಳೀತದ? ಆ ವಾರ ಊರಿನಿಂದ ದಿನಕ್ಕೆ ನಾಲ್ಕು ಸಲ ಫೋನು. "ನೀ ಇಂಜಿನಿಯರ್ ಅದಿಯಲ್ಲ, ಗೇಟು ಯಾವಾಗ ಕುಂಡ್ರಸ್ತಾರ ಹೇಳು" ಅಂತ ಅಪ್ಪ. ಜಾವಾ ಬರೆಯುವವನಿಗೂ ಡ್ಯಾಮ್ ಗೇಟಿಗೂ ಏನು ಸಂಬಂಧ ಅಂತ ಅಪ್ಪನಿಗೆ ಹೇಗೆ ಹೇಳಲಿ.

ಮುಂದಿನ ಶನಿವಾರ, 17ನೇ ತಾರೀಕು, ಆಟ ಮುಗಿಸಿ ದರ್ಶಿನಿ ಮುಂದೆ ಕಾಫಿ ಹಿಡಕೊಂಡು ನಿಂತಿದ್ವಿ. ಹಿಂದಿನ ರಾತ್ರಿ ಪ್ರೀಮಿಯರ್ ಲೀಗ್ ಶುರುವಾಗಿತ್ತು, ಯುನೈಟೆಡ್ ಫುಲ್‌ಹ್ಯಾಮ್ ವಿರುದ್ಧ 1–0 ಗೆದ್ದಿತ್ತು. ಆ ಮಾತು ಹತ್ತು ನಿಮಿಷದಲ್ಲಿ ಮುಗೀತು. ಹಾಸನದ ಒಬ್ಬ ಮೆಕ್ಯಾನಿಕಲ್ ಹುಡುಗ ಇದ್ದಾನೆ, ಡಿಫೆಂಡರ್. "ನಿಮ್ಮ ಗೇಟ್ ಏನಾಯ್ತು?" ಅಂತ ಅವನೇ ಕೇಳಿದ. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಇಂಜಿನಿಯರ ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸ್ತಿದ್ದಾರೆ ಅಂದೆ. ಅವನು ಟಿಶ್ಯೂ ಪೇಪರ್ ತಗೊಂಡು ಲೆಕ್ಕ ಹಾಕಿದ. ಗೇಟು ಸುಮಾರು 60 ಅಡಿ ಅಗಲ, 20 ಅಡಿ ಎತ್ತರ. ನೀರು ಗೇಟಿನ ತುದಿವರೆಗೆ ನಿಂತರೆ ಅದನ್ನು ತಳ್ಳುವ ಬಲ ಹತ್ತಿರ ಹತ್ತಿರ 340 ಟನ್ನಿನ ತೂಕದಷ್ಟು. ಹಿಂದೆ ಜಲಾಶಯ ಎಷ್ಟು ದೂರ ಹಬ್ಬಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಆಳ ಮಾತ್ರ ಮುಖ್ಯ. ಗೇಟಿನ ಮೇಲಿನ ನೀರು ಅರ್ಧಕ್ಕಿಳಿದರೆ ಬಲ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳೀತದೆ. ಹಾಗಾಗಿ ಡ್ಯಾಮು ಪೂರ್ತಿ ಖಾಲಿ ಮಾಡುವ ಅಗತ್ಯವೇ ಇಲ್ಲ ಅಂದ. ಟಿವಿ ಚಾನೆಲ್ಲುಗಳು ವಾರಪೂರ್ತಿ ಕಿರುಚಿ ಹೇಳದ್ದನ್ನು ಅವನು ಒಂದು ಟಿಶ್ಯೂ ಮೇಲೆ ಹೇಳಿದ. ಅದರ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ಆಮೇಲೆ ಇನ್ನೊಬ್ಬ, ಚೆಲ್ಸಿ ಅಭಿಮಾನಿ, ಸಹಜವಾಗಿ ಕೇಳಬೇಕಾದ್ದನ್ನೇ ಕೇಳಿದ: "ಎಪ್ಪತ್ತು ವರ್ಷದ ಚೈನು. ಅದನ್ನ ಚೆಕ್ ಮಾಡೋರು ಯಾರು?" ತುಂಗಭದ್ರಾ ಮಂಡಳಿ, ಅದರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ, ಮೇಲೆ ಕೇಂದ್ರ ಅಂತ ನಾನು ಶುರು ಮಾಡಿದ್ದೇ ತಡ, ನಮ್ಮ ಕ್ಯಾಪ್ಟನ್ ಕೈ ಎತ್ತಿದ. "ಗಾಯ್ಸ್, ಪಾಲಿಟಿಕ್ಸ್ ಬೇಡ. ಬ್ಯಾಕ್ ಟು ಫುಟ್‌ಬಾಲ್."

ಗಮನಿಸಿ. ನೀರಿನ ಒತ್ತಡದ ಲೆಕ್ಕ ಹಾಕುವ ತನಕ ಅದು ವಿಜ್ಞಾನ, ನಡೀತದೆ. ಚೈನಿಗೆ ಗ್ರೀಸ್ ಹಚ್ಚಬೇಕಾದವರು ಯಾರು ಅಂದ ಕೂಡಲೇ ಅದು ರಾಜಕೀಯ, ನಡೆಯಲ್ಲ. ಇದೇ ಕ್ಯಾಪ್ಟನ್ 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಹಾಕಿದಾಗ, ಅದೇ ದರ್ಶಿನಿ ಮುಂದೆ, ಮುಕ್ಕಾಲು ಗಂಟೆ ಅಮೆರಿಕದ ಅಧ್ಯಕ್ಷರ ಅಧಿಕಾರದ ಬಗ್ಗೆ ಭಾಷಣ ಮಾಡಿದ. ಅದಕ್ಕೆ ಅವನು ಕೊಟ್ಟ ಹೆಸರು 'ಕೆರಿಯರ್ ಡಿಸ್ಕಶನ್'. ಫ್ಲ್ಯಾಟಿನ ರೇಟು, ಮೆಟ್ರೋ ಯಾವಾಗ ಬರ್ತದೆ, ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬು, ಇದ್ಯಾವುದೂ ರಾಜಕೀಯ ಅಲ್ಲ ನೋಡಿ. ತುರ್ವಿಹಾಳದ ಭತ್ತ ಮಾತ್ರ ರಾಜಕೀಯ. ಅಂದ್ರೆ ಈ ಕಾನೂನಿನ ನಿಜವಾದ ಅರ್ಥ ಇಷ್ಟೇ: ನನ್ನ ಚಿಂತೆ ಬದುಕು, ನಿನ್ನ ಚಿಂತೆ ಪಾಲಿಟಿಕ್ಸ್.

ಆಟ ಬೇರೆ, ಬದುಕು ಬೇರೆ ಅನ್ನುವವರನ್ನು ಒಮ್ಮೆ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಿಗೆ ಕರಕೊಂಡು ಹೋಗಬೇಕು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ 1970ರ ದಶಕದ ಆಸುಪಾಸಿನಲ್ಲಿ ಅಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಸುತ್ತ ಕನ್ನಡ, ತೆಲುಗು, ನಡುವೆ ಬಂಗಾಳಿ. ಸಿಂಧನೂರಿನಲ್ಲಿ ಪಿಯುಸಿ ಓದುವಾಗ ನನಗೆ ಕ್ಯಾಂಪಿನ ಒಬ್ಬ ಗೆಳೆಯ ಇದ್ದ. ನಮ್ಮೂರಾಗ ಫುಟ್‌ಬಾಲ್ ಅಂದ್ರ ವಾಲಿಬಾಲನ್ನ ಒದಿಯೋದು, ಪಿ.ಟಿ. ಮಾಸ್ತರ್ ಬಂದು ನಮ್ಮನ್ನ ಒದಿಯೋದು. ಖರೇ ಫುಟ್‌ಬಾಲ್ ಮಾತು ನಾನು ಕೇಳಿದ್ದು ಅವನ ಅಜ್ಜನ ಬಾಯಲ್ಲಿ. ಅವರದ್ದು ಈಸ್ಟ್ ಬೆಂಗಾಲ್. 1920ರಲ್ಲಿ ಹುಟ್ಟಿದ ಕ್ಲಬ್ಬು, ಕೆಂಪು-ಬಂಗಾರ ಬಣ್ಣದ ಅಂಗಿ. ದೇಶ ಒಡೆದಾಗ ಆ ಕಡೆಯಿಂದ ಎಲ್ಲ ಬಿಟ್ಟು ಬಂದವರ ತಂಡ. ಎದುರಾಳಿ ಮೋಹನ್ ಬಗಾನ್. ಇವರು ಗೆದ್ದ ದಿನ ಕಲ್ಕತ್ತಾದಲ್ಲಿ ಹಿಲ್ಸಾ ಮೀನಿಗೆ ರೇಟು, ಅವರು ಗೆದ್ದರೆ ಸಿಗಡಿಗೆ.

ಅಜ್ಜ ಗೋಲಿನಿಂದ ಶುರು ಮಾಡಿದರೆ ನದಿಗೆ ಹೋಗ್ತಿದ್ದರು, ನದಿಯಿಂದ ಗಡಿಗೆ, ಗಡಿಯಿಂದ ರೇಷನ್ ಕಾರ್ಡಿಗೆ, ಅಲ್ಲಿಂದ ಮತ್ತೆ ಗೋಲಿಗೆ. ಅಹ್ಮದ್ ಖಾನ್ ಅಂತ ಒಬ್ಬ ಫಾರ್ವರ್ಡ್ ಇದ್ದ, ಹಾವಿನಂಗ ಬಳಕತಿದ್ದ, ನಿಮ್ಮ ಬೆಂಗಳೂರಿನವನೇ ಅಂತ ನನಗೆ ಹೇಳಿದವರು ಅವರೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿಗೆ 1–2ರಲ್ಲಿ ಸೋತ ನಮ್ಮ ತಂಡದಲ್ಲಿ ಆತ ಇದ್ದ, ಆ ತಂಡದ ಬಹಳಷ್ಟು ಜನ ಬೂಟಿಲ್ಲದೆ ಆಡಿದ್ದರು, ನಮ್ಮ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ಸಂಸ್ಥಾನದ ಹುಡುಗ. ಬೆಂಗಳೂರಿಗೆ ಬಂದು ಇಷ್ಟು ವರ್ಷವಾಯ್ತು, ಮೆಸ್ಸಿಯ ಎಡಗಾಲಿನ ಬೂಟಿನ ಸೈಜು ಗೊತ್ತಿರುವ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬನಿಗೂ ಅಹ್ಮದ್ ಖಾನ್ ಹೆಸರು ಗೊತ್ತಿಲ್ಲ.

ಆ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪತ್ರ ಕೈಗೆ ಸಿಕ್ಕಿದ್ದು 2024ರಲ್ಲಿ, ಸಿಎಎ ಅಡಿಯಲ್ಲಿ. ಆ ಕಾಯ್ದೆ ಬಗ್ಗೆ ನನಗೂ ನನ್ನ ಗೆಳೆಯನಿಗೂ ಒಪ್ಪಿಗೆಯಿಲ್ಲ, ಜಗಳ ಆಡಿದೀವಿ, ಇನ್ನೂ ಆಡ್ತೀವಿ. ಆದರೆ ಅವನ ಮುಂದೆ ನಿಂತು "ಈಸ್ಟ್ ಬೆಂಗಾಲ್ ಬಗ್ಗೆ ಮಾತಾಡು, ಈಸ್ಟ್ ಬೆಂಗಾಲ್ ಬಗ್ಗೆ ಮಾತ್ರ ಮಾತಾಡಬ್ಯಾಡ" ಅಂತ ಹೇಳೋಕೆ ಎಂಥ ಮುಖ ಬೇಕು?

ಕಲ್ಕತ್ತಾದವರು ಅದೇ ಆಗಸ್ಟಿನಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ, 18ನೇ ತಾರೀಕಿನ ಡುರಾಂಡ್ ಕಪ್ ಡರ್ಬಿಯನ್ನು ರದ್ದು ಮಾಡಲಾಯ್ತು. ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ನೂರು ವರ್ಷದಿಂದ ಒಬ್ಬರ ಮುಖ ಒಬ್ಬರಿಗೆ ಆಗದ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಅಭಿಮಾನಿಗಳು, ಜತೆಗೆ ಮೊಹಮ್ಮಡನ್ ಸ್ಪೋರ್ಟಿಂಗಿನವರೂ ಸೇರಿ ಸಾಲ್ಟ್ ಲೇಕ್ ಸ್ಟೇಡಿಯಂ ಹೊರಗೆ ನ್ಯಾಯ ಕೇಳಿದರು, ಪೊಲೀಸರ ಲಾಠಿ ತಿಂದರು. ಹಿಂದಿನ ದಿನವಷ್ಟೇ ನಮ್ಮ ಕ್ಯಾಪ್ಟನ್ 'ಬ್ಯಾಕ್ ಟು ಫುಟ್‌ಬಾಲ್' ಅಂದಿದ್ದ.

ನನ್ನ ಎದುರು ಪಕ್ಷದವರಿಗೂ ಒಂದು ಗಟ್ಟಿ ವಾದ ಇದೆ. ಫುಟ್‌ಬಾಲ್ ನೋಡುವವರು ಎಲ್ಲದರ ಬಗ್ಗೆ ಮಾತಾಡಿದರೆ ಬರುವುದು ಜ್ಞಾನ ಅಲ್ಲ, ಬೊಗಳೆ. ಹೌದು, ಬೊಗಳೆ ಬರ್ತದೆ. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ನಡುವೆ ಹೃದಯ ನಿಂತು ಕುಸಿದಾಗ, ಅರ್ಧ ಗಂಟೆಯೊಳಗೆ ನಮ್ಮಲ್ಲೊಬ್ಬ "ವ್ಯಾಕ್ಸಿನ್ ಎಫೆಕ್ಟು" ಅಂತ ಶುರು ಮಾಡಿದ. ಆರ್ಸೆನಲ್ ಅಭಿಮಾನಿ, ಕಲಬುರಗಿಯವನು, ಅವನ ಮನೆಯಲ್ಲಿ ಆಗ ಯಾರೂ ಸೂಜಿ ಚುಚ್ಚಿಸಿಕೊಂಡಿರಲಿಲ್ಲ. ಅವನಿಗೆ ತಿರುಗಿ ಉತ್ತರ ಕೊಟ್ಟವನು ಆರೋಗ್ಯ ಇಲಾಖೆಯವನಲ್ಲ. ಹೃದ್ರೋಗ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿರುವ ನಮ್ಮದೇ ಗೋಲಿ. ಎರಿಕ್ಸನ್ ವ್ಯಾಕ್ಸಿನ್ನೇ ತಗೊಂಡಿಲ್ಲ ಅಂತ ಅವನ ಕ್ಲಬ್ ಇಂಟರ್ ಮಿಲಾನಿನವರು ಹೇಳಿದ್ದಾರೆ ಅಂತ ತೋರಿಸಿದ. ಹೃದಯಾಘಾತ ಬೇರೆ, ಹೃದಯದ ತಾಳ ತಪ್ಪಿ ಬಡಿತ ನಿಲ್ಲೋದು ಬೇರೆ ಅಂದ. ಎದೆ ಒತ್ತುವುದು ಯಾಕೆ, ಶಾಕ್ ಕೊಡುವ ಯಂತ್ರ ಏನು ಮಾಡ್ತದೆ ಅಂತ ಮುಂದಿನ ಶನಿವಾರ ಟರ್ಫಿನ ಮೇಲೆ ಕಿಟ್ ಬ್ಯಾಗು ಮಲಗಿಸಿ ಒತ್ತಿ ತೋರಿಸಿದ. ಎರಿಕ್ಸನ್ ಎದೆಯೊಳಗೆ ಸಾಧನ ಇಡಿಸಿಕೊಂಡ, ಇಟಲಿಯ ನಿಯಮ ಅದನ್ನು ಒಪ್ಪಲಿಲ್ಲ, 2022ರಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಪರ ಮತ್ತೆ ಆಡಿದ. ಕಲಬುರಗಿಯವನ ಮನೆಯವರು ಜುಲೈಯಲ್ಲಿ ವ್ಯಾಕ್ಸಿನ್ ಹಾಕಿಸಿಕೊಂಡರು. ತಜ್ಞರು ಟಿವಿಯಲ್ಲಿ ಹೇಳಿದ್ದರೆ ಅವನು ಚಾನೆಲ್ ಬದಲಿಸ್ತಿದ್ದ. ತನ್ನ ಬೆನ್ನ ಹಿಂದೆ ಪ್ರತಿ ವಾರ ಗೋಲು ಉಳಿಸುವವನು ಹೇಳಿದ್ದಕ್ಕೆ ಕಿವಿ ಕೊಟ್ಟ.

ನನ್ನ ಫೋನಿನಲ್ಲಿ ನನಗೆ ಕಾಣುವುದೆಲ್ಲ ನನ್ನ ಥರವೇ ಯೋಚಿಸುವವರು. ನನ್ನ ಜಾತಿಯವರ ಗ್ರೂಪು, ನನ್ನ ಕಾಲೇಜಿನ ಗ್ರೂಪು, ನನ್ನ ಅಪಾರ್ಟ್‌ಮೆಂಟಿನ ಗ್ರೂಪು. ಆರ್ಸೆನಲ್ ಅಭಿಮಾನಿಗಳನ್ನು ಮಾತ್ರ ಯಾವ ಜಾತಿ, ಯಾವ ಪಕ್ಷವೂ ಆರಿಸಿ ಒಂದೆಡೆ ಕೂಡಿಸಿಲ್ಲ. ಸೋಲೊಂದೇ ಕೂಡಿಸಿದೆ. ಹಾಗಾಗಿ ಅಲ್ಲಿ ಎದುರು ಮಾತು ಸಿಗ್ತದೆ, ಅದೂ ಮುಂದಿನ ವಾರ ಮತ್ತೆ ಪಾಸ್ ಕೊಡಬೇಕಾದವನಿಂದ.

ಮತ್ತೆ ಆಟವನ್ನೇ ಸರಿಯಾಗಿ ಅರ್ಥ ಮಾಡ್ಕೊಳ್ಳೋಕೂ ಈ ಅಡ್ಡಾದಿಡ್ಡಿ ಮಾತು ಬೇಕು. 2009ರಲ್ಲಿ ಬೊಲಿವಿಯಾ ತನ್ನ ಲಾ ಪಾಜ್‌ನಲ್ಲಿ ಮರಡೋನಾ ಕೋಚ್ ಆಗಿದ್ದ ಅರ್ಜೆಂಟೀನಾವನ್ನು 6–1ರಲ್ಲಿ ಬಡಿಯಿತು. ಸಮುದ್ರಮಟ್ಟದಿಂದ 3,600 ಮೀಟರ್ ಎತ್ತರ, ಗಾಳಿ ತೆಳು, ಉಸಿರು ಸಾಲದು, ಚೆಂಡು ಬೇಗ ಹಾರ್ತದೆ. ಇದು ವಿಜ್ಞಾನ. ಅದಕ್ಕೂ ಎರಡು ವರ್ಷ ಮೊದಲು ಫಿಫಾ ಎತ್ತರದ ಊರುಗಳಲ್ಲಿ ಪಂದ್ಯ ಬೇಡ ಅಂದಾಗ ಅಧ್ಯಕ್ಷ ಇವೊ ಮೊರಾಲೆಸ್ ಹಿಮದ ಬೆಟ್ಟ ಹತ್ತಿ ಸ್ವತಃ ಫುಟ್‌ಬಾಲ್ ಆಡಿ ತೋರಿಸಿದ್ದ. 2008ರಲ್ಲಿ ಫಿಫಾ ಹಿಂದೆ ಸರಿಯಿತು. ಇದು ರಾಜಕೀಯ. ಎರಡನ್ನೂ ಕಿತ್ತು ಹಾಕಿ, ಉಳಿದ 6–1 ಬಗ್ಗೆ ನೀವು ಏನು ಹೇಳ್ತೀರಿ, ಹೇಳಿ ನೋಡೋಣ.

ಬೈಗುಳ ಬೇಡ, ಒಪ್ಪಿದೆ. ಫಾರ್ವರ್ಡ್ ಬೇಡ, ಮೂಲ ತೋರಿಸು, ಅದೂ ಒಪ್ಪಿದೆ. ಯಾರದಾದರೂ ಧರ್ಮ, ತಾಯಿ, ತಂಗಿ ಎಳೆದು ತಂದವನನ್ನು ಎರಡು ವಾರ ಬೆಂಚಿನ ಮೇಲೆ ಕೂರಿಸಿ, ನಾನೇ ಚಪ್ಪಾಳೆ ಹೊಡೀತೀನಿ. ಇಷ್ಟು ಕಾನೂನು ಸಾಕು. ನಮ್ಮ ಕ್ಯಾಪ್ಟನ್ನಿಗೆ ಈ ಪಟ್ಟಿ ಕೊಟ್ಟಿದೀನಿ, ಅವನು ಇನ್ನೂ ಒಪ್ಪಿಲ್ಲ. ಕಳೆದ ಶನಿವಾರ ಮಾತ್ರ, ಕಂಠೀರವದ ಟ್ರ್ಯಾಕು ಓಟಗಾರರದ್ದೋ ಫುಟ್‌ಬಾಲಿನವರದ್ದೋ ಅನ್ನುವ ಹಳೇ ಜಗಳ ಬಂದಾಗ, ಸರ್ಕಾರದ ಸ್ಟೇಡಿಯಮ್ಮನ್ನು ಯಾರಿಗೆ ಎಷ್ಟು ದಿನ ಕೊಡಬೇಕು ಅಂತ ಅವನೇ ಇಪ್ಪತ್ತು ನಿಮಿಷ ವಾದ ಮಾಡಿದ. ನಾವ್ಯಾರೂ ತಡೀಲಿಲ್ಲ. ಇನ್ನೊಂದು ಕಾಫಿ ಹೇಳಿದ್ವಿ.