ಉಬ್ಬಸವೂ ಹುಳಿತೇಗೂ
ಐಗಳಿಯ ಕಡೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕಿದರೆ ಉಬ್ಬಸ ಕೆರಳೀತೆಂಬುದನ್ನು ಯಾರಾದರೂ ಒಪ್ಪಿಯಾರು. ಹೊಟ್ಟೆಯ ಹುಳಿಯಿಂದಲೂ ಕೆರಳೀತೆಂದರೆ ಹುಬ್ಬೇರಿಸುವರು. ತುಂಬಿದ ಜಠರ ಉಬ್ಬಸವನ್ನು ಬರಿಸೀತೆಂದು ವೈದ್ಯ ವಿಲಿಯಂ ಆಸ್ಲರ್ 1892ರಲ್ಲಿಯೇ ಬರೆದಿದ್ದರು. ಹುಳಿಯು ಅನ್ನನಾಳಕ್ಕೆ ಮರಳಿದಾಗ ಅಲ್ಲಿಯ ನರಗಳು ಶ್ವಾಸನಾಳವನ್ನು ಬಿಗಿಸಬಲ್ಲವು. ಎದೆಯುರಿಯುಳ್ಳವರು ರಾತ್ರಿ ರೊಟ್ಟಿ, ಖಾರದ ಚಟ್ನಿ ಉಂಡೊಡನೆ ಒರಗದೆ ಮೂರು ಗಂಟೆ ತಡೆಯಲಿ. ಮಂಚದ ತಲೆದೆಸೆಯನ್ನು ಎತ್ತರಿಸಲಿ. ಎದೆಯುರಿಯೇ ಇಲ್ಲದವರು ಉಬ್ಬಸಕ್ಕೆಂದು ಆಮ್ಲ ತಗ್ಗಿಸುವ ಗುಳಿಗೆ ನುಂಗುವುದು ಮಾತ್ರ ವ್ಯರ್ಥ. ಅಂಥ 412 ಉಬ್ಬಸರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 24 ವಾರಗಳ ಔಷಧದಿಂದಲೂ ಉಬ್ಬಸ ತಗ್ಗಲಿಲ್ಲ. ಹತೋಟಿಗೆ ಬಾರದ ಉಬ್ಬಸದಲ್ಲಿ ವೈದ್ಯರು ಮೊದಲು ಕೇಳುವುದು, ಇನ್‌ಹೇಲರನ್ನು ದಿನವೂ ಸರಿಯಾಗಿ ಸೇದುತ್ತಿರುವಿರಾ ಎಂದು. ಎಷ್ಟೋ ಮನೆಗಳಲ್ಲಿ ಅದು ದಮ್ಮು ಹತ್ತಿದಾಗಲಷ್ಟೇ ಕಪಾಟಿನಿಂದ ಹೊರಬರುತ್ತದೆ.