ರಾಷ್ಟ್ರಪತಿ ಚುನಾವಣೆ: ಔರಾದ್‌ನ 131 ಯಾರದು?

‘ಅದೆಲ್ಲಾ ದಿಲ್ಲಿ ಲೆಕ್ಕ, ನಮ್ಗೇನ್ ಸಂಬಂಧ ಅದ?’ ರಾಷ್ಟ್ರಪತಿ ಚುನಾವಣೆಯ ಮಾತೆತ್ತಿದರೆ ನಮ್ಮ ಬೀದರ್ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ ಇದು. ಗ್ರಾಮ ಪಂಚಾಯಿತಿ ಚುನಾವಣೆ ಬಂದರೆ ಯಾವ ಓಣಿಯಲ್ಲಿ ಎಷ್ಟು ಮತ ಎಂದು ರಾತ್ರಿಯಿಡೀ ಲೆಕ್ಕ ಹಾಕುವ ಹುಡುಗರು ಕೂಡ ಇದನ್ನು ಟಿ.ವಿ.ಯಲ್ಲಿ ನೋಡಿ ಸುಮ್ಮನಾಗುತ್ತಾರೆ. ಎನ್‌ಡಿಎ ಬಳಿ ಇಷ್ಟು, ವಿರೋಧ ಪಕ್ಷಗಳ ಕೂಟದ ಬಳಿ ಇಷ್ಟು ಎಂದು ಪರದೆಯ ಮೇಲೆ ಅಂಕಿಗಳು ಓಡುತ್ತವೆ. ಆ ಅಂಕಿಯೊಳಗೆ ಔರಾದ್‌ನ ಪಾಲೂ ಇದೆ, ಭಾಲ್ಕಿಯ ಪಾಲೂ ಇದೆ, ಬೀದರ್ ನಗರದ ಪಾಲೂ ಇದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ. ನನ್ನ ಮಾತು ಇಷ್ಟೇ: ಆ ಮತ ಕೂಟದ್ದೂ ಅಲ್ಲ, ಪಕ್ಷದ್ದೂ ಅಲ್ಲ; ನಾವು ಆರಿಸಿ ಕಳುಹಿಸಿದ ವ್ಯಕ್ತಿಯದು. ಅದನ್ನು ಯಾರಿಗೆ ಹಾಕುತ್ತೀರಿ, ಏಕೆ ಹಾಕುತ್ತೀರಿ ಎಂದು ಅವರನ್ನು ಕೇಳುವ ಹಕ್ಕು ನಮಗಿದೆ.

ಮೊದಲು ಲೆಕ್ಕ ನೋಡೋಣ. ರಾಷ್ಟ್ರಪತಿಯನ್ನು ಆರಿಸುವವರು ಚುನಾಯಿತ ಸಂಸದರು ಮತ್ತು ಚುನಾಯಿತ ಶಾಸಕರು. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ ಸಿಗುತ್ತದೆ. ಕರ್ನಾಟಕದಲ್ಲಿ ಅದು 131. ಬೀದರ್ ಜಿಲ್ಲೆಯ ಆರು ಶಾಸಕರದ್ದು ಸೇರಿದರೆ 786. ಒಬ್ಬ ಸಂಸದರ ಮತದ ಮೌಲ್ಯ 2022ರಲ್ಲಿ 700 ಇತ್ತು. ವಿಧಾನ ಪರಿಷತ್ ಸದಸ್ಯರಿಗೆ ಇಲ್ಲಿ ಮತವೇ ಇಲ್ಲ. ಅಂದರೆ ಡಿಗ್ರಿ ಮುಗಿಸಿ ಪದವೀಧರ ಕ್ಷೇತ್ರದಲ್ಲಿ ನಾವು ಹಾಕುವ ಮತ ರಾಷ್ಟ್ರಪತಿ ಭವನದವರೆಗೆ ಹೋಗುವುದಿಲ್ಲ. ವಿಧಾನಸಭೆಗೆ ಮತ್ತು ಲೋಕಸಭೆಗೆ ಹಾಕಿದ ಮತಗಳು ಹೋಗುತ್ತವೆ.

ಗಡಿಯಲ್ಲಿರುವ ನಮಗೆ ಈ ಲೆಕ್ಕ ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಭಾಲ್ಕಿ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ ಹೋದರೆ ಅಲ್ಲಿನ ಶಾಸಕರ ಮತದ ಮೌಲ್ಯ 175. ಬೀದರ್‌ನಿಂದ ತೆಲಂಗಾಣದ ಜಹೀರಾಬಾದ್‌ಗೆ ಹೋದರೆ 132. ಉದಗೀರ, ಜಹೀರಾಬಾದ್ ಎರಡೂ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದ ಊರುಗಳು. 1952ರ ಮೊದಲ ರಾಷ್ಟ್ರಪತಿ ಚುನಾವಣೆಯಲ್ಲಿ ಈ ಮೂರೂ ಕಡೆಯ ಶಾಸಕರು ಒಂದೇ ವಿಧಾನಸಭೆಯವರು, ಮತದ ಮೌಲ್ಯವೂ ಒಂದೇ. ರಾಜ್ಯಗಳ ಗೆರೆ ಬದಲಾಯಿತು, ಮೌಲ್ಯವೂ ಬದಲಾಯಿತು. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವ ತನಕ 1971ರ ಲೆಕ್ಕವೇ ನಡೆಯುತ್ತದೆ. ನಮ್ಮ ಅಪ್ಪ-ಅಮ್ಮಂದಿರಲ್ಲಿ ಎಷ್ಟೋ ಮಂದಿ ಹುಟ್ಟುವ ಮೊದಲು ಮಾಡಿದ ಎಣಿಕೆ ಅದು. ಕುಟುಂಬ ಯೋಜನೆಯನ್ನು ಸರಿಯಾಗಿ ಪಾಲಿಸಿದ ರಾಜ್ಯಗಳಿಗೆ ನಷ್ಟವಾಗಬಾರದು ಎಂಬ ಕಾರಣಕ್ಕೆ ಅದನ್ನು ಹಾಗೇ ಉಳಿಸಿದ್ದಾರೆ.

ಈಗ 2022ಕ್ಕೆ ಬರೋಣ. ಜುಲೈ 18ರಂದು ಮತದಾನ. ಒಂದು ಕಡೆ ಎನ್‌ಡಿಎ ಅಭ್ಯರ್ಥಿ ದ್ರೌಪದಿ ಮುರ್ಮು, ಇನ್ನೊಂದು ಕಡೆ ವಿರೋಧ ಪಕ್ಷಗಳ ಯಶವಂತ ಸಿನ್ಹಾ. ಆಗ ನಮ್ಮ ಜಿಲ್ಲೆಯಲ್ಲಿ ಕಾಂಗ್ರೆಸ್‌ನ ಮೂವರು, ಬಿಜೆಪಿಯ ಇಬ್ಬರು, ಜೆಡಿಎಸ್‌ನ ಒಬ್ಬರು ಶಾಸಕರಿದ್ದರು. ಜೆಡಿಎಸ್ ಮುರ್ಮು ಅವರಿಗೆ ಬೆಂಬಲ ಘೋಷಿಸಿತು. ಹಾಗಾಗಿ ಕಾಗದದ ಮೇಲೆ ಜಿಲ್ಲೆ ಸರಿಸಮ: ಈ ಕಡೆ 393, ಆ ಕಡೆ 393. ಸಂಸದರು ಬಿಜೆಪಿಯವರು, ಆ 700 ಎನ್‌ಡಿಎ ಲೆಕ್ಕಕ್ಕೆ.

ನನ್ನ ಮನೆ ಔರಾದ್ ತಾಲ್ಲೂಕಿನಲ್ಲಿ, ಓದಿದ್ದು ಭಾಲ್ಕಿಯಲ್ಲಿ, ಈಗ ಇರುವುದು ಬೀದರ್ ನಗರದಲ್ಲಿ. ಹಾಗಾಗಿ ಮೂರೂ ಊರಿನ ಲೆಕ್ಕ ಹಾಕಿ ನೋಡಿದೆ. 2022ರಲ್ಲಿ ಔರಾದ್‌ನ ಶಾಸಕರೂ ಸಂಸದರೂ ಒಂದೇ ಪಕ್ಷ. ಭಾಲ್ಕಿ ಮತ್ತು ಬೀದರ್‌ನಲ್ಲಿ ಶಾಸಕರು ಕಾಂಗ್ರೆಸ್, ಸಂಸದರು ಬಿಜೆಪಿ. ಅಲ್ಲಿನ ಜನರ ಎರಡು ಮತ ಎರಡು ದಿಕ್ಕಿಗೆ. ಈಗ ಅದು ತಿರುಗಿದೆ. 2024ರಲ್ಲಿ ಕಾಂಗ್ರೆಸ್‌ನ ಸಾಗರ್ ಖಂಡ್ರೆ 26ನೇ ವಯಸ್ಸಿನಲ್ಲೇ ಸಂಸದರಾದರು. ಈಗ ಭಾಲ್ಕಿ, ಬೀದರ್‌ನವರ ಎರಡೂ ಮತ ಒಂದೇ ಕಡೆ, ಔರಾದ್‌ನವರದು ಎರಡು ಕಡೆ. ಜಿಲ್ಲೆಯಲ್ಲಿ 2023ರಲ್ಲಿ ಗೆದ್ದವರು ಬಿಜೆಪಿಯ ನಾಲ್ವರು, ಕಾಂಗ್ರೆಸ್‌ನ ಇಬ್ಬರು. ಮುರ್ಮು ಅವರ ಅವಧಿ 2027ರ ಜುಲೈನಲ್ಲಿ ಮುಗಿಯುತ್ತದೆ. ನಮ್ಮ ವಿಧಾನಸಭೆಯ ಅವಧಿ 2028ರವರೆಗೆ ಇದೆ. ಅಂದರೆ ಮುಂದಿನ ರಾಷ್ಟ್ರಪತಿಗೆ ನಮ್ಮ ಮತವನ್ನು 2023 ಮತ್ತು 2024ರಲ್ಲೇ ನಾವು ಒಪ್ಪಿಸಿ ಆಗಿದೆ. ನಾನು ಮೊದಲ ಸಲ ಮತ ಹಾಕಿದ್ದು 2023ರಲ್ಲಿ. ಪ್ರಚಾರಕ್ಕೆ ಬಂದವರು ರಸ್ತೆ, ನೀರು, ಬೆಳೆ ಪರಿಹಾರ ಎಲ್ಲದರ ಬಗ್ಗೆ ಮಾತಾಡಿದರು. ‘ರಾಷ್ಟ್ರಪತಿ ಚುನಾವಣೆಯಲ್ಲಿ ನಿಮ್ಮ ಪರವಾಗಿ ಮತ ಹಾಕುವವನು ನಾನೇ’ ಎಂದು ನಮ್ಮೂರಲ್ಲಿ ಯಾರೂ ಹೇಳಲಿಲ್ಲ.

ಕೂಟಗಳು ಎಷ್ಟು ಬೇಗ ಬದಲಾಗುತ್ತವೆ ನೋಡಿ. 2018ರಲ್ಲಿ ಬೀದರ್ ದಕ್ಷಿಣದ ಜನ ಜೆಡಿಎಸ್ ಗುಂಡಿ ಒತ್ತಿದರು. ಕೆಲವೇ ದಿನಗಳಲ್ಲಿ ಆ ಪಕ್ಷ ಕಾಂಗ್ರೆಸ್ ಜೊತೆ ಸೇರಿ ಸರ್ಕಾರ ಮಾಡಿತು. ನಾಲ್ಕು ವರ್ಷಕ್ಕೆ ಎನ್‌ಡಿಎಯ ರಾಷ್ಟ್ರಪತಿ ಅಭ್ಯರ್ಥಿಯನ್ನು ಬೆಂಬಲಿಸಿತು. 2023ರಲ್ಲಿ ಎನ್‌ಡಿಎ ಸೇರಿಯೇ ಬಿಟ್ಟಿತು. ಇದು ತಪ್ಪೋ ಸರಿಯೋ ಎಂಬುದು ಬೇರೆ ಮಾತು. ಆದರೆ ಯಾವ ಹೆಜ್ಜೆಯಲ್ಲೂ ಮತದಾರನನ್ನು ಯಾರಾದರೂ ಕೇಳಿದರೇ? ಕೂಟ ಕಟ್ಟುವುದು, ಮುರಿಯುವುದು ನಾಯಕರ ಕೆಲಸ. ಅದರಲ್ಲಿ ನಮ್ಮ 131 ಮಾತ್ರ ಮಂಡಿಯಲ್ಲಿಟ್ಟ ಚೀಲದ ಹಾಗೆ ಒಬ್ಬರ ಲೆಕ್ಕದಿಂದ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಕಾನೂನು ಹೇಳುವುದು ಬೇರೆ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡುವಂತಿಲ್ಲ. ಮತದಾನ ಗುಪ್ತ. ಪಕ್ಷ ಹೇಳಿದವರಿಗೆ ಮತ ಹಾಕಲಿಲ್ಲ ಎಂದು ಪಕ್ಷಾಂತರ ಕಾಯ್ದೆಯಲ್ಲಿ ಸದಸ್ಯತ್ವ ಹೋಗುವುದಿಲ್ಲ. ಸದನದೊಳಗೆ ವಿಪ್‌ಗೆ ತಲೆಬಾಗುವ ಶಾಸಕರು ಇಲ್ಲಿ ಮಾತ್ರ ಸ್ವತಂತ್ರರು. ಈ ಸ್ವಾತಂತ್ರ್ಯ ಹೆಸರಿಗಷ್ಟೇ ಅಲ್ಲ ಎಂಬುದಕ್ಕೆ 1969 ಸಾಕ್ಷಿ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ನೀಲಂ ಸಂಜೀವ ರೆಡ್ಡಿ ಅವರನ್ನು ಪಕ್ಷದ ಅಭ್ಯರ್ಥಿ ಎಂದು ತೀರ್ಮಾನಿಸಿದ್ದು ಬೆಂಗಳೂರಿನಲ್ಲಿ. ಪ್ರಧಾನಿ ಇಂದಿರಾ ಗಾಂಧಿ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ವಿ.ವಿ. ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಈಗಿನ ಮೌಲ್ಯದಲ್ಲಿ ಅದು ನಮ್ಮ ವಿಧಾನಸಭೆಯ ಅರ್ಧದಷ್ಟು ಶಾಸಕರ ಮತ. ಅದೇ ವರ್ಷ ಕಾಂಗ್ರೆಸ್ ಇಬ್ಭಾಗವಾಯಿತು.

‘ಹಾಗಿದ್ದರೂ ರಾಷ್ಟ್ರಪತಿ ಅಂದರೆ ರಬ್ಬರ್ ಸ್ಟ್ಯಾಂಪ್ ತಾನೇ?’ ಎನ್ನುವವರಿದ್ದಾರೆ. ಸಂಪುಟದ ಸಲಹೆಯಂತೆ ನಡೆಯಬೇಕು ಎಂಬುದು ನಿಜ. ಆದರೆ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ವಾಪಸ್ ಕಳುಹಿಸಬಹುದು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ವಾಪಸ್ ಕಳುಹಿಸಿದರು. ಸರ್ಕಾರ ಅದನ್ನು ಕೈಬಿಟ್ಟಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಕಾಗದಕ್ಕೆ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿಕೊಟ್ಟರು. ಒಂದೇ ಕುರ್ಚಿ, ಕೂತವರು ಬೇರೆ. ಲೋಕಸಭೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಯಾರನ್ನು ಮೊದಲು ಕರೆಯಬೇಕು ಎಂದು ತೀರ್ಮಾನಿಸುವುದೂ ಅವರೇ.

ನಮ್ಮ ಭಾಗಕ್ಕಂತೂ ಆ ಸಹಿ ದೂರದ್ದಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ಸೇರಿತು. ಕಾಲೇಜು ಸೀಟಿಗೆ, ಸರ್ಕಾರಿ ನೌಕರಿಗೆ ನಾವು ಎಸಿ ಕಚೇರಿಯಿಂದ ಪಡೆಯುವ ಸರ್ಟಿಫಿಕೇಟಿನ ಬೇರು ಅಲ್ಲಿದೆ. ವೈಜನಾಥ ಪಾಟೀಲರಂಥವರ ವರ್ಷಗಳ ಹೋರಾಟ ಅದರ ಹಿಂದಿದೆ. ಕರ್ನಾಟಕದ ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡಲು ‘ರಾಷ್ಟ್ರಪತಿ ಆದೇಶ ಹೊರಡಿಸಬಹುದು’ ಎಂದೇ ಆ ವಿಧಿ ಹೇಳುತ್ತದೆ. ಮುಂದಿನ ರಾಷ್ಟ್ರಪತಿ ಅಭ್ಯರ್ಥಿ ಈ ವಿಧಿಯ ಬಗ್ಗೆ, ಹಿಂದುಳಿದ ಭಾಗಗಳ ಬಗ್ಗೆ ಏನು ಯೋಚಿಸುತ್ತಾರೆ ಎಂದು ನಮ್ಮ ಶಾಸಕರು ಒಮ್ಮೆ ಕೇಳಿದರೆ ತಪ್ಪೇನು? ಅಭ್ಯರ್ಥಿಗಳು ಮತ ಕೇಳಲು ಬೆಂಗಳೂರಿಗೆ ಬಂದೇ ಬರುತ್ತಾರೆ.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮತ ಗುಪ್ತ ಎಂದ ಮೇಲೆ ಕೇಳುವುದು ಸರಿಯೇ? ಗುಪ್ತ ಮತದಾನ ಇರುವುದು ಶಾಸಕರನ್ನು ಒತ್ತಡದಿಂದ, ಮುಖ್ಯವಾಗಿ ಅವರ ಪಕ್ಷದ ಒತ್ತಡದಿಂದ ಕಾಯುವುದಕ್ಕೆ. ಮತಪತ್ರ ತೋರಿಸಿ ಎಂದು ನಾವು ಕೇಳಬಾರದು, ಕೇಳುವುದೂ ಇಲ್ಲ. ನಾವು ಕೇಳುವುದು ಕಾರಣವನ್ನು. ‘ಹೈಕಮಾಂಡ್ ಹೇಳಿದೆ’ ಎಂಬುದು ಕಾರಣವಲ್ಲ. ಹೈಕಮಾಂಡ್‌ಗೆ ನಾವು ಮತ ಹಾಕಿಲ್ಲ.

2022ರಲ್ಲಿ ಮುರ್ಮು ಅವರಿಗೆ ಸಿಕ್ಕಿದ್ದು 6,76,803, ಸಿನ್ಹಾ ಅವರಿಗೆ 3,80,177. ಅಷ್ಟು ಅಂತರದಲ್ಲಿ ಬೀದರ್‌ನ 786 ಫಲಿತಾಂಶವನ್ನು ಬದಲಿಸುತ್ತಿರಲಿಲ್ಲ. ಮುಂದಿನ ಸಲವೂ ಬದಲಿಸದೇ ಇರಬಹುದು. ಆದರೆ ಗೆಲುವು-ಸೋಲು ನಿರ್ಧರಿಸದ ಮತಕ್ಕೆ ಬೆಲೆ ಇಲ್ಲ ಎನ್ನುವುದಾದರೆ ಭಾರೀ ಅಂತರದ ಊರುಗಳಲ್ಲಿ ಯಾರೂ ಮತಗಟ್ಟೆಗೇ ಹೋಗಬೇಕಿಲ್ಲ. ಉತ್ತರ ಕೊಡುವ ಅಭ್ಯಾಸ ಇಂಥ ಕಡೆಯೇ ಶುರುವಾಗಬೇಕು. ಇಲ್ಲಿ ಶಾಸಕರಿಗೂ ಕಳೆದುಕೊಳ್ಳುವಂಥದ್ದು ಏನಿಲ್ಲ.

ಇದಕ್ಕೆ ದೊಡ್ಡ ಚಳವಳಿ ಬೇಕಿಲ್ಲ. 2027ರ ಜುಲೈಗೆ ಮೊದಲು ಬೀದರ್, ಭಾಲ್ಕಿ, ಔರಾದ್‌ನ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಶಾಸಕರಿಗೂ ಸಂಸದರಿಗೂ ಒಂದೊಂದು ಪತ್ರ ಬರೆದರೆ ಸಾಕು. ಯಾವ ಪಕ್ಷದವರಿಗಾದರೂ ಪ್ರಶ್ನೆ ಒಂದೇ ಇರಲಿ: ‘ಸಾಹೇಬ್ರ, ನಮ್ಮ ಪರವಾಗಿ ನೀವು ಯಾರನ್ನು ರಾಷ್ಟ್ರಪತಿ ಮಾಡಬೇಕು ಅಂತೀರಿ? ಯಾಕ?’