60 ಸಾವಿರ ಎಣಿಸುವ ಅಜ್ಜಿ

ಮಕ್ಕಳೇ, ಪಕ್ಕದಲ್ಲಿ ಕುಳಿತು ಕನ್ನಡಕ ಸರಿಪಡಿಸಿಕೊಳ್ಳುತ್ತಿರುವ ಅಜ್ಜ-ಅಜ್ಜಿಯರೇ, ಈ ವಾರದ ಕಥೆ ಶುರುವಾಗುವುದು ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆಯಿಂದ.

ದಸರಾ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಪುಟ್ಟಿ ಗೊಂಬೆಗಳ ಪೆಟ್ಟಿಗೆ ಹುಡುಕಲು ಹೋದವಳು ಅಂಗೈಯಗಲದ ಒಂದು ಕಪ್ಪು ಬಿಲ್ಲೆ ಹಿಡಿದುಕೊಂಡು ಬಂದಳು. "ತಾತ, ಇದರ ಮೇಲೆ ಅಜ್ಜಿ ಅಕ್ಷರ ಇದೆ!" ಅಂದಳು. ನೋಡಿದೆ. ಫ್ಲಾಪಿ. ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ 'ಮಗ್ಗಿ, 1994' ಎಂದು ಬರೆದಿತ್ತು.

ಪುಟ್ಟಿಯ ಅಜ್ಜಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಸಾಲ ಮಾಡಿ ಮನೆಗೊಂದು ಕಂಪ್ಯೂಟರ್ ತಂದಾಗ ಮೊದಲು ಕಲಿತವಳು ಅವಳೇ. ಬೇಸಿಕ್ ಎಂಬ ಭಾಷೆಯಲ್ಲಿ ನಮ್ಮ ಮಗಳಿಗೆ, ಅಂದರೆ ಪುಟ್ಟಿಯ ಅಮ್ಮನಿಗೆ, ಒಂದು ಮಗ್ಗಿಯ ಆಟ ಬರೆದುಕೊಟ್ಟಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಆ ಆಟವನ್ನು ನಾನು ಮರೆತೇಬಿಟ್ಟಿದ್ದೆ.

"ಆಡೋಣ ತಾತ" ಅಂದಳು ಪುಟ್ಟಿ. ಹೇಳಿದಷ್ಟು ಸುಲಭವಲ್ಲ. ನಮ್ಮ ಬೀದಿಯ ಕಂಪ್ಯೂಟರ್ ರಿಪೇರಿ ಅಂಗಡಿಯವರು ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವ್ ಒಂದನ್ನು ಎರವಲು ಕೊಟ್ಟರು. ಒಳಗೆ ಹಾಕುವ ಮುಂಚೆ ಫ್ಲಾಪಿಯ ಮೂಲೆಯಲ್ಲಿರುವ ಪುಟ್ಟ ತುಂಡನ್ನು ಸರಿಸಿ ರಂಧ್ರ ತೆರೆದಿಟ್ಟೆವು. ಹಾಗೆ ಮಾಡಿದರೆ ಓದಬಹುದು, ಆದರೆ ಕೈತಪ್ಪಿ ಅಳಿಸಲು ಆಗದು. ಆ ಇಡೀ ಫ್ಲಾಪಿ ಹಿಡಿಸುವುದು 1.44 ಎಂಬಿ ಮಾತ್ರ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೋ ಕೂಡ ಅದರಲ್ಲಿ ಹಿಡಿಸದೇ ಹೋಗಬಹುದು. ನಮ್ಮ ಅದೃಷ್ಟಕ್ಕೆ ಎರಡೂ ಫೈಲು ಸಿಕ್ಕವು: ಒಂದು ಅಜ್ಜಿಯ ಮಗ್ಗಿ, ಇನ್ನೊಂದು ಅದನ್ನು ನಡೆಸುವ ಕ್ಯೂಬೇಸಿಕ್. ಲ್ಯಾಪ್‌ಟಾಪಿಗೆ ನಕಲು ಮಾಡಿ ಒತ್ತಿದರೆ, ಇದು ಇಲ್ಲಿ ನಡೆಯುವುದಿಲ್ಲ ಎಂಬ ಉತ್ತರ ಬಂತು. ಡಾಸ್ ಕಾಲದ ಪ್ರೋಗ್ರಾಂಗಳು 16 ಬಿಟ್‌ನವು. ಇಂದಿನ 64 ಬಿಟ್ ವಿಂಡೋಸ್ ಅವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಇಲ್ಲಿ ಬೇಕಾಗುವುದೇ ಎಮ್ಯುಲೇಟರ್. ಶಾಲೆಯ ವಾರ್ಷಿಕೋತ್ಸವದಲ್ಲಿ ಎಂಟನೇ ಕ್ಲಾಸಿನ ಹುಡುಗ ಮುದುಕನ ಪಾತ್ರ ಮಾಡುತ್ತಾನಲ್ಲ, ಹಾಗೆ. ಹೊಸ ಕಂಪ್ಯೂಟರ್ ಹಳೆಯದರ ವೇಷ ಹಾಕುತ್ತದೆ. ಹಳೆಯ ಪ್ರೋಗ್ರಾಂ ನಂಬಿ ನಡೆಯುತ್ತದೆ. ಡಾಸ್‌ಗಾಗಿ ಇರುವ ಅಂಥ ವೇಷಗಾರ ಡಾಸ್‌ಬಾಕ್ಸ್. 2002ರಿಂದ ಇದೆ, ಉಚಿತವಾಗಿ ಸಿಗುತ್ತದೆ. ಡಾಸ್ ಬೇರೆ ತಂದು ಹಾಕಬೇಕಿಲ್ಲ, ಅದರೊಳಗೇ ಇದೆ.

ಆದರೆ ಬಿಳಿ ಗಡ್ಡ ಅಂಟಿಸಿದ ಮಾತ್ರಕ್ಕೆ ಮುದುಕನಾಗುತ್ತಾನೆಯೇ? ಗಡ್ಡ ಕಟ್ಟಿಕೊಂಡು ವೇದಿಕೆ ತುಂಬ ಓಡಿದರೆ ಜನ ನಗುತ್ತಾರೆ. ಎಷ್ಟು ನಿಧಾನ ನಡೆಯಬೇಕು, ಎಷ್ಟು ಬಾಗಬೇಕು ಎಂದು ಹೇಳಿಕೊಡಬೇಕು. ಎಮ್ಯುಲೇಟರಿಗೆ ಹಾಗೆ ಹೇಳಿಕೊಡುವುದೇ ಸೆಟ್ಟಿಂಗ್.

ಮೊದಲನೆಯದು ಜಾಗ. ಡಾಸ್‌ಬಾಕ್ಸ್ ತೆರೆದಾಗ ನಿಮ್ಮ ಯಾವ ಫೋಲ್ಡರೂ ಅದಕ್ಕೆ ಕಾಣುವುದಿಲ್ಲ. 'ಮೌಂಟ್' ಎಂಬ ಆಜ್ಞೆ ಕೊಟ್ಟು, ಈ ಫೋಲ್ಡರನ್ನು ನಿನ್ನ ಸಿ ಡ್ರೈವ್ ಎಂದುಕೋ ಎಂದು ತೋರಿಸಬೇಕು. ಕಂಪ್ಯೂಟರಿನ ಇಡೀ ಸಿ ಡ್ರೈವನ್ನೇ ತೋರಿಸಬೇಡಿ. ಹಳೆಯ ಆಟಕ್ಕೆ ಒಂದು ಕೋಣೆ ಸಾಕು, ಮನೆಯ ಬೀಗದಕೈ ಗೊಂಚಲು ಬೇಡ.

ಎರಡನೆಯದು ವೇಗ. ಪುಟ್ಟಿ ಸೆಟ್ಟಿಂಗ್ ಫೈಲಿನಲ್ಲಿ 'ಸೈಕಲ್ಸ್' ಎಂಬ ಸಾಲು ಹುಡುಕಿ 'ಮ್ಯಾಕ್ಸ್' ಎಂದು ಬರೆದಳು. "ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ ತಾತ?" ನಾನೂ ಹೌದೆಂದೆ. ಆಟ ಶುರುವಾಯಿತು. ಪ್ರಶ್ನೆ ಬಂತು, ಉತ್ತರ ಬಂತು, ಮುಂದಿನ ಪ್ರಶ್ನೆ, ಮುಂದಿನ ಉತ್ತರ... ಕಣ್ಣು ಮಿಟುಕಿಸುವಷ್ಟರಲ್ಲಿ ಏಳರ ಮಗ್ಗಿ ಮುಗಿದೇಹೋಯಿತು. ಪುಟ್ಟಿಯ ಮುಖ ಸಣ್ಣದಾಯಿತು. "ಅಜ್ಜಿ ಆಟದಲ್ಲಿ ನನಗೆ ಆಡಕ್ಕೇ ಜಾಗ ಇಲ್ಲ" ಅಂದಳು.

ನನಗೂ ಸಂಕಟವಾಯಿತು. ಅವಳ ಅಜ್ಜಿ ಅಷ್ಟು ಅವಸರದವಳಲ್ಲ. ಎಲ್ಲಿ ತಪ್ಪಿತೆಂದು ಇಬ್ಬರೂ ಅಜ್ಜಿ ಬರೆದ ಸಾಲುಗಳನ್ನೇ ತೆರೆದು ಓದಿದೆವು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ವಿಚಿತ್ರ ಸಾಲು ಸಿಕ್ಕಿತು: 1ರಿಂದ 60000ದವರೆಗೆ ಎಣಿಸು. ಎಣಿಸಿ ಏನು ಮಾಡಬೇಕು? ಏನೂ ಇಲ್ಲ. ಸುಮ್ಮನೆ ಎಣಿಸು, ಅಷ್ಟೇ.

ಇದು ಆ ಕಾಲದ ಉಪಾಯ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಕಾಯಿಸಬೇಕಾದರೆ ಅದಕ್ಕೊಂದು ಕೆಲಸವಿಲ್ಲದ ಎಣಿಕೆ ಕೊಟ್ಟುಬಿಡುವುದು. ಕಣ್ಣಾಮುಚ್ಚಾಲೆಯಲ್ಲಿ ಕಳ್ಳನಿಗೆ ನೂರು ಎಣಿಸು ಎನ್ನುವುದಿಲ್ಲವೇ? ಬೇಗ ಎಣಿಸುವವನು ಬಂದರೆ ಬಚ್ಚಿಟ್ಟುಕೊಳ್ಳಲು ಸಮಯವೇ ಸಿಗುವುದಿಲ್ಲ. ನಮ್ಮ ಹೊಸ ಲ್ಯಾಪ್‌ಟಾಪ್ ಅಂಥ ಕಳ್ಳ.

ಈ ತೊಂದರೆ ಹೊಸತೇನಲ್ಲ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಅದನ್ನೇ ನಂಬಿ ಬರೆದ ಆಟಗಳು ಮುಂದಿನ ವೇಗದ ಯಂತ್ರಗಳಲ್ಲಿ ಹುಚ್ಚು ಓಟ ಓಡಿದವು. ಅದಕ್ಕೇ ಆಗಿನ ಎಷ್ಟೋ ಕಂಪ್ಯೂಟರ್‌ಗಳ ಮುಂಭಾಗದಲ್ಲಿ 'ಟರ್ಬೊ' ಎಂಬ ಗುಂಡಿ ಇರುತ್ತಿತ್ತು. ಹೆಸರು ವೇಗದ್ದು, ನಿಜವಾದ ಉಪಯೋಗ ವೇಗ ಇಳಿಸುವುದು! ಅಜ್ಜಂದಿರೇ, ನೆನಪಿದೆಯೇ? ವಿಂಡೋಸ್ 95 ಕೂಡ 350 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಕೆಲವು ಎಎಂಡಿ ಪ್ರೊಸೆಸರ್‌ಗಳಲ್ಲಿ ಶುರುವಾಗುವಾಗಲೇ ಮುಗ್ಗರಿಸುತ್ತಿತ್ತು. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ, ಮೆಮೊರಿ ಸಾಲದು ಎಂದೇ ಹಟ ಹಿಡಿಯಬಲ್ಲದು. ಹೊಟ್ಟೆ ತುಂಬ ಬಡಿಸಿದ ಮೇಲೆ ಹಸಿವು ಎಂದು ಅಳುವ ಮಗುವಿನ ಹಾಗೆ! ಅದನ್ನು ಎಮ್ಯುಲೇಟರಿನಲ್ಲಿ ನಡೆಸುವವರು 64 ಅಥವಾ 128 ಎಂಬಿ ಕೊಟ್ಟರೆ ಸಾಕು.

ಸರಿ, ನಮಗೆ ಎಷ್ಟು ವೇಗ ಬೇಕು? ಉತ್ತರವನ್ನು ಅಜ್ಜಿಯೇ ಬರೆದಿಟ್ಟಿದ್ದಳು. ಬೇಸಿಕ್‌ನಲ್ಲಿ 'ರೆಮ್' ಎಂದು ಶುರುವಾಗುವ ಸಾಲನ್ನು ಯಂತ್ರ ಓದುವುದಿಲ್ಲ. ಅದು ಮನುಷ್ಯರಿಗೆ ಬರೆಯುವ ಚೀಟಿ. ಎಣಿಕೆಯ ಮೇಲಿನ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೀಗಿತ್ತು: 'ಮಗು ಯೋಚಿಸಲಿ. 10 ಸೆಕೆಂಡು.'

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪುಟ್ಟಿ ಎದ್ದು ಹೋಗಿ ಗೋಡೆ ಗಡಿಯಾರ ಇಳಿಸಿಕೊಂಡು ಬಂದಳು.

'ಮ್ಯಾಕ್ಸ್' ಅಳಿಸಿ 'ಫಿಕ್ಸ್‌ಡ್ 3000' ಎಂದು ಬರೆದೆವು. ಈಗ ಎಣಿಕೆ ಮುಗಿಯಲು 21 ಸೆಕೆಂಡು! ಅತಿ ನಿಧಾನ. ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಜತೆ ಎಫ್12 ಒತ್ತಿದರೆ ವೇಗ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಎಷ್ಟಾಯಿತೆಂದು ಕಿಟಕಿಯ ತಲೆಪಟ್ಟಿಯಲ್ಲಿ ಕಾಣುತ್ತದೆ. ಒಂದೊಂದು ಒತ್ತಿಗೂ ಶೇ 10 ಏರಿಕೆ. ಪುಟ್ಟಿ ಲೆಕ್ಕ ಹಾಕಿದಳು: "ಎಂಟು ಸಲ ಒತ್ತಿದರೆ ಶೇ 80. ಅಂದ್ರೆ 5400." ಒತ್ತಿದಾಗ ಬಂದದ್ದು 6430ರ ಹತ್ತಿರ! ಯಾಕೆ? ಮೊದಲ ಒತ್ತಿಗೆ 3300. ಎರಡನೆಯದಕ್ಕೆ ಸೇರುವುದು 3300ರ ಶೇ 10, ಆಗ 3630. ಹೆಚ್ಚಾದುದರ ಮೇಲೂ ಮತ್ತೆ ಹೆಚ್ಚಳ. "ಚಕ್ರಬಡ್ಡಿ ಕಣೇ" ಅಂದೆ. ಮುಂದಿನ ವರ್ಷದ ಗಣಿತ ಆ ಕ್ಷಣದಲ್ಲೇ ಮುಗಿಯಿತು.

6430ಕ್ಕೆ ಗಡಿಯಾರ ನೋಡಿದೆವು. ಸರಿಯಾಗಿ 10 ಸೆಕೆಂಡು. ಆಮೇಲೆ ಹಳೆಯ ಕಡತದಲ್ಲಿ ಕಂಪ್ಯೂಟರಿನ ಬಿಲ್ಲೂ ಸಿಕ್ಕಿತು: 386, 33 ಮೆಗಾಹರ್ಟ್ಸ್. ಅಂಥ ಯಂತ್ರಕ್ಕೆ ಡಾಸ್‌ಬಾಕ್ಸಿನಲ್ಲಿ 6000ದಿಂದ 8000 ಸೈಕಲ್ಸ್ ಇಡುವುದು ರೂಢಿ. ಅಜ್ಜಿಯ ಚೀಟಿ, ಗಡಿಯಾರ, ಬಿಲ್ಲು, ಮೂರರದೂ ಒಂದೇ ಸಾಕ್ಷಿ.

ರಾತ್ರಿ ಮಗಳಿಗೆ ವಿಡಿಯೊ ಕರೆ ಮಾಡಿದೆವು. ಪರದೆ ತೋರಿಸದೆ ಪುಟ್ಟಿ ಪ್ರಶ್ನೆ ಓದಿದಳು: "ಏಳೆಂಟ್ಲ?" ಆ ಕಡೆಯಿಂದ ಉತ್ತರವಿಲ್ಲ. ಸೆಕೆಂಡುಗಳು ಉರುಳಿದವು. 'ಬೀಪ್' ಎಂಬ ಸದ್ದು ಬರುವುದಕ್ಕೆ ಕೂದಲೆಳೆಯಷ್ಟು ಮುಂಚೆ "ಐವತ್ತಾರು!" ಎಂದು ಕೂಗಿದಳು. "ಅಮ್ಮನ ಮಗ್ಗಿ ಅಲ್ವಾ ಅಪ್ಪ? ಬೀಪ್ ಬರೋದರೊಳಗೆ ಹೇಳಿದ್ರೆ ಕಡಲೆಮಿಠಾಯಿ ಕೊಡ್ತಿದ್ರು. ಎಷ್ಟು ಹೊತ್ತು ಕಾಯ್ತಾರೆ ಅಂತ ಇನ್ನೂ ನೆನಪಿದೆ ನೋಡಿ."

ಅವಳ ದನಿ ಒದ್ದೆಯಾಗಿತ್ತು. ಪುಟ್ಟಿ ಮಾತ್ರ ನನ್ನ ಕಡೆ ಕೈ ಚಾಚಿದಳು. ಮಿಠಾಯಿ ಎಲ್ಲಿ?

ಮಕ್ಕಳೇ, ಇಂಥ ಕೆಲಸಕ್ಕೆ ನಿಮ್ಮ ಬೆರಳಷ್ಟೇ ಸಾಲದು, ಮನೆಯ ಹಿರಿಯರ ನೆನಪೂ ಬೇಕು. ಎಮ್ಯುಲೇಟರ್ ತೆರೆಯುವ ಮುನ್ನ ಅವರನ್ನು ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

1. ಆ ಕಂಪ್ಯೂಟರ್ ಯಾವ ವರ್ಷದ್ದು? ಬಿಲ್ಲು ಇದೆಯೇ? (ವೇಗ ಮತ್ತು ಮೆಮೊರಿಗಾಗಿ.)

2. ಪರದೆ ಕಪ್ಪು-ಬಿಳುಪೋ ಬಣ್ಣದ್ದೋ? (ಡಾಸ್‌ಬಾಕ್ಸಿನಲ್ಲಿ 'ಮೆಷಿನ್' ಎಂಬ ಸಾಲು.)

3. ಹಾಡು ಕೇಳುತ್ತಿತ್ತೋ, ಬರೀ ಬೀಪ್ ಸದ್ದೋ? (ಬರೀ ಬೀಪ್ ಆದರೆ ಸೌಂಡ್ ಕಾರ್ಡಿನ ಗೊಡವೆ ಬೇಡ.)

4. ಪ್ರೋಗ್ರಾಂ ಎಷ್ಟು ನಿಧಾನವಾಗಿ ನಡೆಯುತ್ತಿತ್ತು? (ಇದನ್ನು ಯಾವ ಬಿಲ್ಲೂ ಹೇಳದು.)

ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮೌಸ್ ಆಟದೊಳಗೆ ಸಿಕ್ಕಿಕೊಂಡರೆ ಗಾಬರಿ ಬೇಡ, ಕಂಟ್ರೋಲ್ ಜತೆ ಎಫ್10 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಲಿಯನ್ನೂ ಒತ್ತಬೇಕು. ಸರಿಹೋದ ಸಂಖ್ಯೆಯನ್ನು ಸೆಟ್ಟಿಂಗ್ ಫೈಲಿನಲ್ಲೇ ಬರೆದು ಉಳಿಸಿ. ಇಲ್ಲವಾದರೆ ಮುಚ್ಚಿ ತೆರೆದಾಗ ಹಳೆಯದಕ್ಕೇ ಹೋಗುತ್ತದೆ.

ಪುಟ್ಟಿ ನಮ್ಮ ಸೆಟ್ಟಿಂಗ್ ಫೈಲಿನಲ್ಲಿ 6430ರ ಮೇಲಿನ ಸಾಲಿನಲ್ಲಿ ತಾನೂ ಒಂದು ಚೀಟಿ ಬರೆದಿಟ್ಟಿದ್ದಾಳೆ. ಯಂತ್ರ ಅದನ್ನು ಓದುವುದಿಲ್ಲ: 'ಇದನ್ನು ಹೆಚ್ಚಿಸಬೇಡಿ. ಅಜ್ಜಿ ಎಣಿಸುತ್ತಿದ್ದಾರೆ.'